ಪುಟ್ಟ ಮೀನಿನ ಮೊದಲ ತುತ್ತು: ಲಾ ಹೋಯಾದಿಂದ ಮಾಂಟರೆವರೆಗೆ

ಸೋಮವಾರ, ಲಾ ಹೋಯಾ

ಕ್ಯಾಲಿಫೋರ್ನಿಯಾದ ದಕ್ಷಿಣ ತುದಿಯಲ್ಲಿರುವ ಲಾ ಹೋಯಾದಲ್ಲಿ ಸಮುದ್ರದೊಳಕ್ಕೆ ಚಾಚಿದ ಉದ್ದನೆಯ ಕಟ್ಟೆಯೊಂದಿದೆ. ಸ್ಕ್ರಿಪ್ಸ್ ಸಾಗರ ವಿಜ್ಞಾನ ಸಂಸ್ಥೆಯ ಪಿಯರ್ ಅದು. ಮುನ್ನೂರು ಮೀಟರಿಗಿಂತ ಜಾಸ್ತಿ ಉದ್ದ. ಇಲ್ಲಿ 1916ರಿಂದ ಸಮುದ್ರದ ನೀರಿನ ಬಿಸಿಯನ್ನು ಅಳೆದು ಬರೆದಿಡುತ್ತಾ ಬಂದಿದ್ದಾರೆ. ನೂರು ವರ್ಷ ದಾಟಿದ ಲೆಕ್ಕ. ಸಂಜೆ ಹೊತ್ತಿಗೆ ಅದರ ಕಂಬಗಳ ನಡುವೆ ಮರಳಿನಲ್ಲಿ ನಡೆದೆವು. ಅಲೆಗಳು ಕಂಬಕ್ಕೆ ಬಡಿದು ಒಡೆಯುತ್ತಿದ್ದವು. ಆಚೆ ಹೆಜ್ಜಾರ್ಲೆಗಳು ಸಾಲಾಗಿ, ನೀರಿಗೆ ರೆಕ್ಕೆ ತಾಗುವಷ್ಟು ಕೆಳಗೆ ಹಾರುತ್ತಿದ್ದವು.

ನಾನು ಬಂದದ್ದು ಒಂದು ಪ್ರಶ್ನೆ ಹಿಡಿದುಕೊಂಡು. ಸಾರ್ಡೀನ್, ಆಂಚೊವಿಯಂಥ ಪುಟ್ಟ ಮೀನುಗಳು ಕೆಲವು ವರ್ಷ ಬಲೆ ಹರಿಯುವಷ್ಟು ಇರುತ್ತವೆ. ಮತ್ತೆ ಕೆಲವು ವರ್ಷ ಹುಡುಕಿದರೂ ಸಿಗುವುದಿಲ್ಲ. ಯಾಕೆ ಹೀಗೆ? ಈ ಪ್ರಶ್ನೆಯನ್ನು ಬಹಳ ಕಾಲದಿಂದ, ಬಹಳ ತಾಳ್ಮೆಯಿಂದ ಕೇಳುತ್ತಾ ಬಂದ ಕರಾವಳಿ ಇದು. ಹಾಗಾಗಿ ದಕ್ಷಿಣದಿಂದ ಉತ್ತರಕ್ಕೆ, ಆ ಹುಡುಕಾಟ ನಡೆದ ಜಾಗಗಳನ್ನೇ ಹಿಡಿದು ಹೋಗೋಣ ಎಂದು ಹೊರಟೆ. ತಂಗಿಯ ಮಗ ಸುಹಾಸ ಇಲ್ಲೇ ಓದುತ್ತಿದ್ದಾನೆ. ಕಾರು ಅವನದು, ದಾರಿ ಬಲ್ಲವನೂ ಅವನೇ.

"ದೊಡ್ಡಮ್ಮ, ಜಾಸ್ತಿ ಹಿಡಿದರು, ಮುಗಿಯಿತು. ಅಷ್ಟೇ ಅಲ್ವಾ?" ಎಂದ.

ಅದು ಅರ್ಧ ಉತ್ತರ. ಸುಳ್ಳಲ್ಲ, ಆದರೆ ಅರ್ಧ. 1936-37ರ ಹಂಗಾಮಿನಲ್ಲಿ ಈ ಕರಾವಳಿಯಲ್ಲಿ ಹಿಡಿದ ಸಾರ್ಡೀನ್ 7 ಲಕ್ಷ ಟನ್‌ಗೂ ಹೆಚ್ಚು. ಹತ್ತು ಹದಿನೈದು ವರ್ಷಗಳಲ್ಲಿ ಅದೆಲ್ಲ ನೆಲ ಕಚ್ಚಿತು. ಸರ್ಕಾರ, ಮೀನುಗಾರಿಕೆ ಇಲಾಖೆ, ವಿಜ್ಞಾನಿಗಳು ಎಲ್ಲರೂ ಸೇರಿ ಕಾರಣ ಹುಡುಕಲು ಹೊರಟರು. ಹಾಗೆ 1949ರಲ್ಲಿ ಶುರುವಾದದ್ದೇ ಕ್ಯಾಲ್‌ಕೋಫಿ ಎಂಬ ಸಮುದ್ರ ಸಮೀಕ್ಷೆ. ಅದು ಇವತ್ತಿಗೂ ನಡೆಯುತ್ತಿದೆ. ಕಡಲಿನ ಮೇಲೆ ಗೊತ್ತು ಮಾಡಿಟ್ಟ ಗೆರೆಗಳ ಮೇಲೆ ಹಡಗು ಹೋಗುತ್ತದೆ. ಗೊತ್ತಾದ ಜಾಗಗಳಲ್ಲಿ ನಿಲ್ಲುತ್ತದೆ. ನೀರು ತೆಗೆಯುತ್ತಾರೆ, ಬಲೆ ಇಳಿಸುತ್ತಾರೆ, ಬಂದದ್ದನ್ನು ಸೀಸೆಗೆ ಹಾಕುತ್ತಾರೆ. ಮೀನು ಮರಳಿ ಬಂದಾಗಲೂ ನಿಲ್ಲಿಸಲಿಲ್ಲ, ಇಲ್ಲದಾಗಲೂ ನಿಲ್ಲಿಸಲಿಲ್ಲ. ಇಷ್ಟು ದೀರ್ಘವಾಗಿ ಒಂದೇ ಕಡಲನ್ನು ಓದಿದ ಇಂಥ ಉದಾಹರಣೆಗಳು ಲೋಕದಲ್ಲೇ ಕಡಿಮೆ.

ಮಂಗಳವಾರ, ಸೀಸೆಗಳ ನಡುವೆ

ಮೊದಲೇ ಅನುಮತಿ ಕೇಳಿಕೊಂಡಿದ್ದರಿಂದ ಸ್ಕ್ರಿಪ್ಸ್‌ನ ಪ್ಲಾಂಕ್ಟನ್ (ನೀರಿನಲ್ಲಿ ತೇಲುವ ಪುಟ್ಟ ಜೀವಿಗಳು) ಸಂಗ್ರಹ ನೋಡಲು ಸಿಕ್ಕಿತು. ಕಪಾಟುಗಳ ಸಾಲು ಸಾಲು. ಒಂದೊಂದರಲ್ಲೂ ಗಾಜಿನ ಸೀಸೆಗಳು. ಒಳಗೆ ಮಂಕು ಹಳದಿ ನೀರು, ತಳದಲ್ಲಿ ಗಸಿಯಂಥದ್ದು. ಮುಖ ಹತ್ತಿರ ತಂದು ನೋಡಿದರೆ ಆ ಗಸಿಗೆ ಕಾಲು, ಕಣ್ಣು, ಮೀಸೆ ಎಲ್ಲ ಇವೆ. ಸಿಗಡಿಯ ಜಾತಿಯ ಪುಟಾಣಿ ಕೋಪಿಪಾಡ್, ಕ್ರಿಲ್, ಲೋಳೆಯಂಥ ಸಾಲ್ಪ್. ಲಕ್ಷಕ್ಕೂ ಹೆಚ್ಚು ಮಾದರಿಗಳು ಇಲ್ಲಿವೆಯಂತೆ. ಚೀಟಿಯ ಮೇಲೆ ದಿನಾಂಕ, ಜಾಗ, ಆಳ.

ನಮಗೆ ತೋರಿಸಿದ ಸಂಶೋಧಕಿ ಒಂದು ಹಳೆಯ ಕಥೆ ಹೇಳಿದರು. 1951ರಿಂದ 1993ರವರೆಗಿನ ಸೀಸೆಗಳನ್ನು ಅಳೆದಾಗ ದಕ್ಷಿಣ ಕ್ಯಾಲಿಫೋರ್ನಿಯಾದ ಕಡಲಿನಲ್ಲಿ ಪ್ರಾಣಿ ಪ್ಲಾಂಕ್ಟನ್‌ನ ಗಾತ್ರ ಸುಮಾರು 80 ಶೇಕಡಾ ಕುಸಿದಿದೆ ಎಂದು ಕಂಡಿತು. 1995ರಲ್ಲಿ ಇದು ಪ್ರಕಟವಾದಾಗ ಎಲ್ಲರಿಗೂ ಗಾಬರಿ. ಆಮೇಲೆ ಸೀಸೆಗಳನ್ನು ಮತ್ತೆ ತೆರೆದು, ಒಂದೊಂದು ಜೀವಿಯನ್ನೂ ಬೇರೆ ಮಾಡಿ ಎಣಿಸಿದರು. ಕಡಿಮೆಯಾದದ್ದು ಮುಖ್ಯವಾಗಿ ಸಾಲ್ಪ್‌ಗಳು. ಅವುಗಳ ಮೈ ತುಂಬ ನೀರು. ಗಾತ್ರ ದೊಡ್ಡದು, ಸತ್ವ ಕಡಿಮೆ. ಇಂಗಾಲದ ಲೆಕ್ಕದಲ್ಲಿ ನೋಡಿದರೆ ಅಷ್ಟು ದೊಡ್ಡ ಕುಸಿತ ಇರಲಿಲ್ಲ.

ಈ ಕಥೆ ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿತು. ಯಾಕೆಂದರೆ ನಾವೆಲ್ಲ "ಮೇವು ಎಷ್ಟಿದೆ" ಎಂದು ಕೇಳುತ್ತೇವೆ. ಮೀನಿಗೆ ಬೇಕಾದ ಪ್ರಶ್ನೆ ಬೇರೆ. ಯಾವ ಮೇವು? ಯಾವಾಗ? ಯಾರ ಬಾಯಿಗೆ ಹಿಡಿಸುವ ಗಾತ್ರದ್ದು?

ಆಂಚೊವಿಯ ಮೊಟ್ಟೆ ಎರಡರಿಂದ ನಾಲ್ಕು ದಿನದಲ್ಲಿ ಒಡೆಯುತ್ತದೆ. ಹೊರಗೆ ಬರುವ ಮರಿ ಮೂರು ಮಿಲಿಮೀಟರಿನ ಒಂದು ಎಳೆ. ಮೈ ಗಾಜಿನ ಹಾಗೆ. ಬಾಯಿ ಇನ್ನೂ ತೆರೆದಿರುವುದಿಲ್ಲ. ತಾಯಿ ಕಟ್ಟಿಕೊಟ್ಟ ಬುತ್ತಿಯಂತೆ ಹೊಟ್ಟೆಯಡಿ ಒಂದಿಷ್ಟು ಹಳದಿ ಇರುತ್ತದೆ. ಅದು ಕೆಲವೇ ದಿನಕ್ಕೆ ಸಾಕು. ಅಷ್ಟರಲ್ಲಿ ಬಾಯಿ ತೆರೆದು, ಕಣ್ಣು ಕಾಣುವಂತಾಗಿ, ಮೊದಲ ತುತ್ತು ಸಿಗಲೇಬೇಕು. ಸಿಗದಿದ್ದರೆ ಮರಿ ಸಾಯುತ್ತದೆ. ಒಂದು ಹೆಣ್ಣು ವರ್ಷದಲ್ಲಿ ಹತ್ತಾರು ಸಾವಿರ ಮೊಟ್ಟೆ ಇಡುತ್ತದೆ. ಅವುಗಳಲ್ಲಿ ತೀರಾ ಸ್ವಲ್ಪ ಹೆಚ್ಚು ಉಳಿದರೆ ಸಮುದ್ರ ತುಂಬುತ್ತದೆ, ತೀರಾ ಸ್ವಲ್ಪ ಕಡಿಮೆ ಉಳಿದರೆ ಬಲೆ ಖಾಲಿ. ನಾರ್ವೆಯ ಮೀನು ವಿಜ್ಞಾನಿ ಯೋಹಾನ್ ಯೋರ್ಟ್ ಈ ಮಾತನ್ನು 1914ರಲ್ಲೇ ಹೇಳಿದ್ದರು. ಮೀನಿನ ಭವಿಷ್ಯ ನಿರ್ಧಾರವಾಗುವುದು ಅದರ ಬದುಕಿನ ಮೊದಲ ದಿನಗಳಲ್ಲಿ ಎಂಬುದು ಅವರ ವಾದ.

ಅದನ್ನು ಕಡಲಿನಲ್ಲೇ ಪರೀಕ್ಷಿಸಿ ನೋಡಿದವರು ಇದೇ ಲಾ ಹೋಯಾದ ವಿಜ್ಞಾನಿ ರೂಬೆನ್ ಲ್ಯಾಸ್ಕರ್. ಪ್ರಯೋಗಾಲಯದಲ್ಲಿ ಮರಿ ಮಾಡಿಸಿ, ಅವುಗಳನ್ನು ಹಡಗಿನಲ್ಲಿ ಒಯ್ದು, ಬೇರೆ ಬೇರೆ ಆಳದಿಂದ ತೆಗೆದ ನೀರಿನಲ್ಲಿ ಬಿಟ್ಟರು. ಮೇಲ್ಪದರದ ನೀರಿನಲ್ಲಿ ಮರಿಗಳ ಹೊಟ್ಟೆ ಖಾಲಿ. ಸ್ವಲ್ಪ ಕೆಳಗೆ, ಪಾಚಿ ಕಣಗಳು ದಟ್ಟವಾಗಿ ಸೇರಿದ ತೆಳ್ಳನೆಯ ಪದರದ ನೀರಿನಲ್ಲಿ ಮರಿಗಳು ತಿಂದವು. ಒಂದು ಮಿಲಿಲೀಟರ್ ನೀರಿನಲ್ಲಿ 20ರಿಂದ 40 ಕಣ ಬೇಕು, ಕಣದ ಅಗಲವೂ ಸರಿಯಿರಬೇಕು. ಡಯಾಟಮ್ ಎಂಬ ಮುಳ್ಳಿರುವ ಪಾಚಿಯಾದರೆ ಆಗದು. ತೀರಾ ಸಣ್ಣದಾದರೂ ಆಗದು. 1974ರ ವಸಂತದಲ್ಲಿ ಬಿರುಗಾಳಿಯೊಂದು ಬಂದು ಆ ಪದರವನ್ನೇ ಕಲಕಿಬಿಟ್ಟಿತು. ಕಣಗಳು ಕಡಲಿನಲ್ಲೇ ಇದ್ದವು, ಆದರೆ ಚದುರಿಹೋಗಿದ್ದವು. ಮೂರು ಮಿಲಿಮೀಟರಿನ ಮರಿ ಅವುಗಳನ್ನು ಹುಡುಕಿಕೊಂಡು ಎಷ್ಟು ದೂರ ಈಜೀತು?

ಇನ್ನೊಂದು ಹೊಸ ಕೆಲಸವಿದೆ. ನನಗೆ ಇಡೀ ಪ್ರವಾಸದಲ್ಲೇ ಅತ್ಯಂತ ಇಷ್ಟವಾದದ್ದು ಅದು. ಮೀನಿನ ಮರಿಗಳ ಸಂಗ್ರಹ ಹತ್ತಿರದಲ್ಲೇ ಇರುವ ಕೇಂದ್ರ ಸರ್ಕಾರದ ಮೀನುಗಾರಿಕಾ ವಿಜ್ಞಾನ ಕೇಂದ್ರದ್ದು. ಅಲ್ಲಿ ದಶಕಗಳಿಂದ ಸೀಸೆಯಲ್ಲಿದ್ದ ಆಂಚೊವಿ ಮರಿಗಳನ್ನು ತೆಗೆದು, ಅವುಗಳ ಮೈಯ ಅಮಿನೋ ಆಮ್ಲಗಳನ್ನು ಪರೀಕ್ಷಿಸಿದರು. ಸಾರಜನಕದಲ್ಲಿ ಹಗುರದ್ದೊಂದು, ಭಾರದ್ದೊಂದು ಇದೆ. ಒಂದು ಜೀವಿ ಇನ್ನೊಂದನ್ನು ತಿಂದಾಗ ಗ್ಲುಟಾಮಿಕ್ ಆಮ್ಲ ಎಂಬ ಅಮಿನೋ ಆಮ್ಲದಲ್ಲಿ ಭಾರದ ಸಾರಜನಕದ ಪಾಲು ಏರುತ್ತದೆ. ಇನ್ನೊಂದಾದ ಫಿನೈಲ್‌ಅಲನಿನ್‌ನಲ್ಲಿ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಎರಡರ ಅಂತರ ನೋಡಿದರೆ, ಆ ಮರಿಯ ಹೊಟ್ಟೆ ಸೇರುವ ಮೊದಲು ಆಹಾರ ಎಷ್ಟು ಬಾಯಿ ದಾಟಿ ಬಂತು ಎಂದು ತಿಳಿಯುತ್ತದೆ. ಎಂದೋ ಸತ್ತ ಮರಿ, ತಾನು ಏನು ತಿಂದೆ ಎಂದು ಈಗ ಹೇಳುತ್ತಿದೆ!

45 ವರ್ಷಗಳ ಮಾದರಿಗಳಲ್ಲಿ ಕಂಡದ್ದು ಇದು. ಮರಿಗಳ ಆಹಾರ ಸರಪಳಿ ಗಿಡ್ಡವಾಗಿದ್ದಾಗ, ಅದಾಗಿ ಒಂದೆರಡು ವರ್ಷದಲ್ಲಿ ಆಂಚೊವಿ ಹೆಚ್ಚಿತು. ಸರಪಳಿ ಉದ್ದವಾದಾಗ ಕುಸಿಯಿತು. 2023ರಲ್ಲಿ ಇದು ಪ್ರಕಟವಾಯಿತು. ಕಾರಣ ಊಹಿಸುವುದು ಕಷ್ಟವಲ್ಲ. ಪಾಚಿಯನ್ನು ಕೋಪಿಪಾಡ್ ತಿಂದು, ಅದನ್ನು ಮರಿ ತಿಂದರೆ ಸೋರಿಕೆ ಕಡಿಮೆ. ನಡುವೆ ಏಕಕೋಶದ ಬೇಟೆಗಾರರು ಒಬ್ಬರಾದ ಮೇಲೆ ಒಬ್ಬರು ಸೇರಿಕೊಂಡರೆ, ಪ್ರತಿ ಬಾಯಿಯಲ್ಲೂ ಶಕ್ತಿಯ ಬಹುಪಾಲು ಅಲ್ಲೇ ಖರ್ಚಾಗಿ, ಮರಿಗೆ ಉಳಿಯುವುದು ಸ್ವಲ್ಪ. ಕಡಲಿನಲ್ಲಿ ಪಾಚಿ ಅಷ್ಟೇ ಇರಬಹುದು. ಆದರೂ ಮರಿ ಅರೆಹೊಟ್ಟೆ.

ಸುಹಾಸ ಬಹಳ ಹೊತ್ತು ಒಂದು ಸೀಸೆ ಹಿಡಿದು ನಿಂತಿದ್ದ. "ಇದನ್ನು ತುಂಬಿಟ್ಟವರಿಗೆ ಈ ಪರೀಕ್ಷೆ ಮುಂದೊಂದು ದಿನ ಬರುತ್ತೆ ಅಂತ ಗೊತ್ತೇ ಇರಲಿಲ್ಲ, ಅಲ್ವಾ ದೊಡ್ಡಮ್ಮ?" ಎಂದು ಕೇಳಿದ. ಗೊತ್ತಿರಲಿಲ್ಲ. ಆದರೂ ಜೋಪಾನ ಮಾಡಿದರು. ಹಣ ಉಳಿಸುವ ಮಾತು ಬಂದಾಗಲೆಲ್ಲ ಮೊದಲು ಕತ್ತರಿ ಬೀಳುವುದು ಇಂಥ ಸದ್ದಿಲ್ಲದ ಕೆಲಸಗಳಿಗೆ. ಅದು ನನಗೆ ನಿಜಕ್ಕೂ ಸಂಕಟದ ವಿಷಯ.

ಬುಧವಾರ, ಸ್ಯಾನ್ ಪೆಡ್ರೊ ದಾಟಿ

ದಿನದ ಹೆಚ್ಚು ಪಾಲು ರಸ್ತೆಯಲ್ಲೇ ಕಳೆಯಿತು. ಲಾಸ್ ಏಂಜಲಿಸ್ ಬಂದರಿನ ಸ್ಯಾನ್ ಪೆಡ್ರೊದಲ್ಲಿ ಸ್ವಲ್ಪ ಹೊತ್ತು ಇಳಿದೆವು. ಎದುರಿಗೇ ಟರ್ಮಿನಲ್ ಐಲ್ಯಾಂಡ್. ಒಂದು ಕಾಲದಲ್ಲಿ ಅಲ್ಲಿ ಮೀನು ಡಬ್ಬಿ ಕಟ್ಟುವ ಕ್ಯಾನರಿಗಳ ಸಾಲಿತ್ತು. ಜಪಾನಿ ಮೂಲದ ಮೀನುಗಾರ ಕುಟುಂಬಗಳ ಊರಿತ್ತು. 1942ರಲ್ಲಿ ಅವರನ್ನು ಅಲ್ಲಿಂದ ಎಬ್ಬಿಸಿ ಕಳಿಸಿದರು. ಈಗ ಎಲ್ಲಿ ನೋಡಿದರೂ ಕಂಟೇನರ್‌ಗಳು. ದಡದಲ್ಲಿ, ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುವರಿದು ಹಿಡಿಯುವ ಕೆಲವು ಪರ್ಸೀನ್ ದೋಣಿಗಳಿದ್ದವು. ಅವುಗಳ ಬಲೆಗಳನ್ನು ನೋಡಿ ಸಾಂಟಾ ಬಾರ್ಬರಾ ಕಡೆ ಹೊರಟೆವು.

ಗುರುವಾರ, ಸಾಂಟಾ ಬಾರ್ಬರಾ

ಇಲ್ಲಿನ ಸ್ಟರ್ನ್ಸ್ ವಾರ್ಫ್ ಎಂಬ ಹಳೆಯ ಮರದ ಕಟ್ಟೆಯ ತುದಿಗೆ ಹೋಗಿ ನಿಂತರೆ, ದಿಗಂತದಲ್ಲಿ ಚಾನೆಲ್ ದ್ವೀಪಗಳು ನೀಲಿಯಾಗಿ ಕಾಣುತ್ತವೆ. ನಮಗೂ ದ್ವೀಪಗಳಿಗೂ ನಡುವೆ ಕಡಲಿನ ತಳದಲ್ಲಿ ಒಂದು ಬೋಗುಣಿಯಿದೆ. ಸುಮಾರು 600 ಮೀಟರ್ ಆಳ. ಸುತ್ತ ದಿಣ್ಣೆ ಇರುವುದರಿಂದ ತಳದ ನೀರು ಸುಲಭವಾಗಿ ಬದಲಾಗುವುದಿಲ್ಲ. ಅಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಕೆಸರು ಅಗೆಯುವ ಹುಳುಗಳು ಅಲ್ಲಿ ಬದುಕುವುದಿಲ್ಲ. ಹಾಗಾಗಿ ಪ್ರತಿ ವರ್ಷ ಬಿದ್ದ ಕೆಸರು ಪದರ ಪದರವಾಗಿ ಹಾಗೇ ಕೂತಿದೆ. ಆ ಪದರಗಳ ನಡುವೆ ಮೀನಿನ ಹುರುಪೆಗಳಿವೆ.

1969ರಲ್ಲಿ ಆಂಡ್ರ್ಯೂ ಸೌಟರ್ ಮತ್ತು ಜಾನ್ ಐಸಾಕ್ಸ್ ಎಂಬ ವಿಜ್ಞಾನಿಗಳು ಆ ಹುರುಪೆಗಳನ್ನು ಎಣಿಸಿದರು. ಮುಂದೆ 1992ರಲ್ಲಿ ಟಿಮ್ ಬಾಮ್‌ಗಾರ್ಟ್ನರ್ ಮತ್ತು ಸಂಗಡಿಗರು ಸುಮಾರು 1700 ವರ್ಷಗಳ ಲೆಕ್ಕ ಮುಂದಿಟ್ಟರು. ಈ ಅವಧಿಯಲ್ಲಿ ಸಾರ್ಡೀನ್ ದೊಡ್ಡದಾಗಿ ಏರಿ ಇಳಿದದ್ದು ಒಂಬತ್ತು ಸಲ. ಒಂದು ಸುತ್ತು ಸುಮಾರು 60 ವರ್ಷ. ಆಂಚೊವಿಗೂ ಅದರದೇ ಏರಿಳಿತ. ಪರ್ಸೀನ್ ಬಲೆ, ಕ್ಯಾನರಿ, ಡೀಸೆಲ್ ಎಂಜಿನ್ ಯಾವುದೂ ಇಲ್ಲದ ಕಾಲದಲ್ಲೂ ಮೀನು ಹೋಗುತ್ತಿತ್ತು, ಬರುತ್ತಿತ್ತು.

"ಹಾಗಾದರೆ ಹಿಡಿದವರದ್ದು ತಪ್ಪೇ ಇಲ್ಲ ಅಂತಾಯ್ತು" ಎಂದ ಸುಹಾಸ.

ಇಲ್ಲ ಮಗು, ಹಾಗಲ್ಲ ಎಂದೆ. ಈ ಹುರುಪೆಗಳನ್ನು ತಮ್ಮ ಪರ ಸಾಕ್ಷಿ ಮಾಡಿಕೊಳ್ಳುವವರು ಇದ್ದಾರೆ. ಪ್ರಕೃತಿಯೇ ಇಳಿಸುತ್ತದೆ, ನಾವು ಹಿಡಿದರೇನು ಎನ್ನುತ್ತಾರೆ. ನನಗೆ ಕಾಣುವುದು ತಿರುಗಾ ಮುರುಗಾ. ಮೇವು ಕೆಟ್ಟು ಮರಿ ಉಳಿಯದ ಕಾಲದಲ್ಲಿ, ಉಳಿದ ದೊಡ್ಡ ಮೀನುಗಳೇ ಮುಂದಿನ ಒಳ್ಳೆಯ ವರ್ಷಕ್ಕೆ ಇರುವ ಬೀಜ. ಸಾರ್ಡೀನ್ ಆಂಚೊವಿಗಿಂತ ಹೆಚ್ಚು ವರ್ಷ ಬದುಕುವ ಮೀನು. ಕೆಟ್ಟ ವರ್ಷಗಳನ್ನು ದಾಟಿ ಕಾಯಬಲ್ಲದು. ಆ ಕಾಯುವ ಮೀನನ್ನೇ ಬಲೆಗೆ ಹಾಕಿದರೆ, ಮೇವು ಮರಳಿ ಬಂದಾಗ ತಿನ್ನಲು ಮರಿಯೇ ಇರುವುದಿಲ್ಲ. ಕ್ಯಾಲಿಫೋರ್ನಿಯಾ ಸಾರ್ಡೀನ್ ಹಿಡಿಯುವುದನ್ನು ನಿಷೇಧಿಸಿದ್ದು 1967ರಲ್ಲಿ. ಕುಸಿತ ಶುರುವಾಗಿ ಇಪ್ಪತ್ತು ವರ್ಷ ಕಳೆದ ಮೇಲೆ! ಮತ್ತೆ ಹಿಡಿಯಲು ಬಿಟ್ಟದ್ದು 1986ರಲ್ಲಿ, ಅದೂ ಬರೀ 1,000 ಟನ್.

ದ್ವೀಪಗಳ ಸಾಲಿನ ಪಡುವಣ ತುದಿಯಲ್ಲಿ ಸ್ಯಾನ್ ಮಿಗೆಲ್ ಇದೆ. ಕಟ್ಟೆಯಿಂದ ಅದು ಕಾಣಲಿಲ್ಲ. ಕಡಲಸಿಂಹಗಳು ಮರಿ ಹಾಕುವ ದೊಡ್ಡ ತಾಣ ಅದು. 2013ರಿಂದ ಕೆಲವು ವರ್ಷ ಅಲ್ಲಿ ಮರಿಗಳು ಎಲುಬು ಚಕ್ಕಳವಾಗಿ ದಡ ಸೇರತೊಡಗಿದವು. 2015ರ ಮೊದಲ ತಿಂಗಳುಗಳಲ್ಲಂತೂ ಕ್ಯಾಲಿಫೋರ್ನಿಯಾದ ದಡಗಳಲ್ಲಿ ಸಾವಿರಾರು. ತಾಯಂದಿರಿಗೆ ಕೊಬ್ಬು ತುಂಬಿದ ಸಾರ್ಡೀನ್, ಆಂಚೊವಿ ಸಿಗುತ್ತಿರಲಿಲ್ಲ. ಸ್ಕ್ವಿಡ್, ಮರಿ ರಾಕ್‌ಫಿಶ್ ಸಿಗುತ್ತಿದ್ದವು. ಹೊಟ್ಟೆ ತುಂಬುತ್ತಿತ್ತು, ಹಾಲು ಗಟ್ಟಿಯಾಗುತ್ತಿರಲಿಲ್ಲ. ಹಸಿದ ತಾಯಂದಿರು ಮೇವು ಹುಡುಕಿ ದೂರ ಹೋದರು, ಮರಿಗಳು ದಡದಲ್ಲಿ ಕಾದವು. ಇಲ್ಲೂ ಎಷ್ಟು ಎನ್ನುವುದಕ್ಕಿಂತ ಯಾವುದು ಎನ್ನುವುದೇ ದೊಡ್ಡದಾಯಿತು.

ಅದೇ 2015ರ ಏಪ್ರಿಲ್‌ನಲ್ಲಿ ಪಶ್ಚಿಮ ಕರಾವಳಿಯ ಸಾರ್ಡೀನ್ ಮೀನುಗಾರಿಕೆಯನ್ನು ಮತ್ತೆ ಮುಚ್ಚಿದರು. ಕಡಲಿನಲ್ಲಿರುವ ಸಾರ್ಡೀನ್ 1.5 ಲಕ್ಷ ಟನ್‌ಗಿಂತ ಕಡಿಮೆಯಾದರೆ ಮುಚ್ಚಬೇಕು ಎಂಬ ನಿಯಮವಿದೆ. ಅದಕ್ಕೆ ಮೊದಲ ಕೆಲವು ವರ್ಷ ಮೀನು ಇಳಿಯುತ್ತಿದ್ದರೂ ಹಿಡಿಯುವುದು ನಡೆದೇ ಇತ್ತು. ನಿಯಮ ಒಳ್ಳೆಯದು. ಆದರೆ ಅದು ಮೀನನ್ನು ಎಣಿಸುತ್ತದೆ, ಮೀನಿನ ಮೇವನ್ನಲ್ಲ. ಮಂಗಳವಾರ ನೋಡಿದ ಸೀಸೆಗಳು ಒಂದೆರಡು ವರ್ಷ ಮೊದಲೇ ಸುಳಿವು ಕೊಡುತ್ತವೆ ಎಂದಾದರೆ, ಆ ಸುಳಿವನ್ನು ಕೋಟಾ ನಿಗದಿ ಮಾಡುವ ಮೇಜಿನ ತನಕ ಒಯ್ಯಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಶುಕ್ರವಾರ, ಮಾಸ್ ಲ್ಯಾಂಡಿಂಗ್

101ನೇ ಹೆದ್ದಾರಿ ಹಿಡಿದು ಸಲಿನಾಸ್ ಕಣಿವೆಯ ಸೊಪ್ಪಿನ ಹೊಲಗಳ ನಡುವೆ ಬಂದೆವು. ಮಧ್ಯಾಹ್ನದ ಹೊತ್ತಿಗೆ ಮಾಂಟರೆ ಕೊಲ್ಲಿಯ ನಡುಮಧ್ಯದ ಮಾಸ್ ಲ್ಯಾಂಡಿಂಗ್ ತಲುಪಿದೆವು. ಪುಟ್ಟ ಬಂದರು. ಎದುರಿಗೇ ಕಡಲಿನಡಿ ಒಂದು ಮಹಾ ಕಂದರ ಶುರುವಾಗುತ್ತದೆ. ದಡದಲ್ಲಿ ಮಾಂಟರೆ ಬೇ ಅಕ್ವೇರಿಯಂ ಸಂಶೋಧನಾ ಸಂಸ್ಥೆ, ಎಲ್ಲರ ಬಾಯಲ್ಲಿ ಎಂಬಾರಿ. ಉದ್ಯಮಿ ಡೇವಿಡ್ ಪ್ಯಾಕರ್ಡ್ 1987ರಲ್ಲಿ ಸ್ಥಾಪಿಸಿದ್ದು.

ಕಾರಿನ ಬಾಗಿಲು ತೆಗೆದರೆ ಗಾಳಿ ಹಿಡಿದು ಎಳೆಯಿತು. ವಾಯವ್ಯದ ಗಾಳಿ. ಈ ಕರಾವಳಿಯ ಊಟ ಬಡಿಸುವುದೇ ಇದು. ಗಾಳಿ ದಡದುದ್ದಕ್ಕೂ ಬೀಸಿದಾಗ ಮೇಲಿನ ನೀರು ಆಚೆಗೆ ಸರಿಯುತ್ತದೆ. ಅದರ ಜಾಗಕ್ಕೆ ತಳದ ತಣ್ಣೀರು ಗೊಬ್ಬರದಂಥ ಲವಣ ಹೊತ್ತು ಮೇಲೇಳುತ್ತದೆ. ದಡದ ಹತ್ತಿರ ನೀರು ಜೋರಾಗಿ ಏಳುತ್ತದೆ, ದಪ್ಪ ಡಯಾಟಮ್, ದೊಡ್ಡ ಕೋಪಿಪಾಡ್ ಬೆಳೆಯುತ್ತವೆ. ದಡದಿಂದ ದೂರದಲ್ಲಿ ಗಾಳಿಯ ವೇಗ ಜಾಗದಿಂದ ಜಾಗಕ್ಕೆ ಬದಲಾಗುವುದರಿಂದಲೂ ನೀರು ಏಳುತ್ತದೆ, ಆದರೆ ನಿಧಾನಕ್ಕೆ. ಅಲ್ಲಿ ಬೆಳೆಯುವುದು ಸಣ್ಣ ಸಣ್ಣ ಪ್ಲಾಂಕ್ಟನ್.

ಸಾರ್ಡೀನ್ ಮತ್ತು ಆಂಚೊವಿ ಬೇರೆಯಾಗುವುದು ಇಲ್ಲೇ. ಸಾರ್ಡೀನಿನ ಕಿವಿರಿನಲ್ಲಿ ಜರಡಿಯ ಎಳೆಗಳು ಒತ್ತಾಗಿವೆ. ಸಣ್ಣ ಕಣವನ್ನೂ ಸೋಸಿ ತಿನ್ನಬಲ್ಲದು. ಆಂಚೊವಿಯ ಜರಡಿ ಅಷ್ಟು ಒತ್ತಿಲ್ಲ. ದೊಡ್ಡ ತುತ್ತನ್ನು ಒಂದೊಂದಾಗಿ ಹಿಡಿದು ತಿಂದರೆ ಅದಕ್ಕೆ ಲಾಭ. ಹಾಗಾಗಿ ಗಾಳಿ ಎಲ್ಲಿ, ಹೇಗೆ ಬೀಸಿತು ಎಂಬುದರ ಮೇಲೆ ಯಾವ ಮೀನಿಗೆ ಹಬ್ಬ ಎಂಬುದು ನಿಂತಿದೆ. 2008ರಲ್ಲಿ ರೈಕಾಚೆವ್‌ಸ್ಕಿ ಮತ್ತು ಚೆಕ್ಲಿ ಎಂಬ ವಿಜ್ಞಾನಿಗಳು ಕ್ಯಾಲಿಫೋರ್ನಿಯಾದ ಸಾರ್ಡೀನಿನ ಬೆಳವಣಿಗೆಯನ್ನು ದೂರದ ಈ ನಿಧಾನದ ಏಳುವಿಕೆಯೊಂದಿಗೆ ಜೋಡಿಸಿ ತೋರಿಸಿದರು.

ಇದಕ್ಕೂ ಮೊದಲು, 2003ರಲ್ಲಿ, ಎಂಬಾರಿಯ ಫ್ರಾನ್ಸಿಸ್ಕೊ ಚಾವೆಜ್ ಮತ್ತು ಜೊತೆಗಾರರು ಇಡೀ ಪೆಸಿಫಿಕ್ ಸಾಗರವನ್ನೇ ಒಟ್ಟಿಗೆ ಇಟ್ಟು ನೋಡಿದ್ದರು. ಜಪಾನ್, ಕ್ಯಾಲಿಫೋರ್ನಿಯಾ, ಪೆರು ಮೂರು ಕಡೆಯೂ ಕೆಲವು ದಶಕ ಸಾರ್ಡೀನಿನ ಕಾಲ, ಕೆಲವು ದಶಕ ಆಂಚೊವಿಯ ಕಾಲ. ಪೆರುವಿನ ಆಂಚೊವಿ 1970ರಲ್ಲಿ ಒಂದೇ ವರ್ಷ 1.2 ಕೋಟಿ ಟನ್ ಬಲೆಗೆ ಬಿದ್ದಿತ್ತು. 1972-73ರ ಎಲ್ ನಿನೊ ಬಂದು ತಣ್ಣೀರು ಏಳುವುದು ಕುಂದಿದಾಗ ಅದು ಒಮ್ಮೆಲೇ ಕುಸಿಯಿತು. ಬಿಸಿ ಕಾಲ ಸಾರ್ಡೀನಿಗೆ, ತಂಪು ಕಾಲ ಆಂಚೊವಿಗೆ ಎಂಬ ಮಾತು ಈ ಕರಾವಳಿಯಲ್ಲಿ ಹೆಚ್ಚುಕಡಿಮೆ ನಿಯಮವೇ ಆಗಿತ್ತು.

ಆಮೇಲೆ ಆ ನಿಯಮ ಮುರಿಯಿತು. 2014ರಿಂದ 2016ರವರೆಗೆ ಇಲ್ಲಿನ ಕಡಲು ಹಿಂದೆಂದೂ ಕಾಣದಷ್ಟು ಬಿಸಿಯಾಯಿತು. ಸಾರ್ಡೀನ್ ಹೆಚ್ಚಬೇಕಿತ್ತು. ಹೆಚ್ಚಲಿಲ್ಲ. ಹೆಚ್ಚಿದ್ದು ಆಂಚೊವಿ! ಕೆಲವೇ ವರ್ಷದಲ್ಲಿ ಆಂಚೊವಿ ಮರಿಗಳು ಕ್ಯಾಲ್‌ಕೋಫಿಯ ಬಲೆಗಳಲ್ಲಿ ದಾಖಲೆ ಮಟ್ಟ ಮುಟ್ಟಿದವು. ಬರೀ ಥರ್ಮಾಮೀಟರ್ ನೋಡಿ ಮೀನಿನ ಭವಿಷ್ಯ ಹೇಳಲಾಗದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ? ನೀರಿನ ಬಿಸಿಗೂ ಮೀನಿಗೂ ನಡುವೆ ಮೇವು ನಿಂತಿದೆ. ಅದನ್ನು ಬಿಟ್ಟು ಬರೆದ ನಿಯಮ ಯಾವುದೇ ಆದರೂ ಒಂದು ದಿನ ಕೈಕೊಡುತ್ತದೆ.

ಶನಿವಾರ, ಮಾಂಟರೆ

ಕ್ಯಾನರಿ ರೋ ಈಗ ಪ್ರವಾಸಿಗರ ಬೀದಿ. 1958ರವರೆಗೆ ಇದರ ಹೆಸರು ಓಶನ್ ವ್ಯೂ ಅವೆನ್ಯೂ. ಎರಡೂ ಕಡೆ ಕ್ಯಾನರಿಗಳಿದ್ದವು. ದೋಣಿ ಬಂದಾಗ ಸೈರನ್ ಕೂಗುತ್ತಿತ್ತು, ಕೆಲಸದವರು ಗುಡ್ಡದ ಮೇಲಿನಿಂದ ಓಡಿ ಬರುತ್ತಿದ್ದರು. ಬಂದ ಸಾರ್ಡೀನೆಲ್ಲ ಡಬ್ಬಿಗೆ ಹೋಗುತ್ತಿತ್ತು ಎಂದುಕೊಳ್ಳಬೇಡಿ. ಬಹಳಷ್ಟು ಹೋದದ್ದು ಫಿಶ್‌ಮೀಲ್ ಎಂಬ ಮೀನಿನ ಪುಡಿ ಮತ್ತು ಎಣ್ಣೆ ಮಾಡಲು. ಕೋಳಿಗೆ, ಹೊಲಕ್ಕೆ. ಅಷ್ಟು ಸತ್ವದ ಮೀನು ಹೀಗೆ ಪುಡಿಯಾದದ್ದನ್ನು ಓದುವಾಗ ಈಗಲೂ ಸಿಟ್ಟು ಬರುತ್ತದೆ. ಇಲ್ಲಿನ ಕೊನೆಯ ಕ್ಯಾನರಿ ಮುಚ್ಚಿದ್ದು 1973ರಲ್ಲಿ. ಹೋವ್ಡೆನ್ ಕ್ಯಾನರಿ ಇದ್ದ ಜಾಗದಲ್ಲೇ 1984ರಲ್ಲಿ ಮಾಂಟರೆ ಬೇ ಅಕ್ವೇರಿಯಂ ತೆರೆಯಿತು.

ಅದರ ಸನಿಹದಲ್ಲೇ 800ನೇ ನಂಬರಿನ ಪುಟ್ಟ ಮರದ ಕಟ್ಟಡ. ಎಡ್ ರಿಕೆಟ್ಸ್ ಅವರ ಪ್ರಯೋಗಾಲಯ. ದಡದ ಜೀವಿಗಳನ್ನು ಶಾಲೆ ಕಾಲೇಜುಗಳಿಗೆ ಕಳಿಸಿ ಬದುಕು ನಡೆಸಿದ ಜೀವಶಾಸ್ತ್ರಜ್ಞ. ಬಾಗಿಲು ಹಾಕಿತ್ತು. ಹೊರಗಿನಿಂದಲೇ ನೋಡಿದೆವು. ಸಾರ್ಡೀನ್ ಮಾಯವಾದಾಗ ಊರಿನವರು ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಿದ್ದರು. ರಿಕೆಟ್ಸ್ ಪ್ಲಾಂಕ್ಟನ್ ಲೆಕ್ಕ ಕಲೆಹಾಕಿ ಕೂತರು. ಮೇವು ಕಡಿಮೆಯಾದ ವರ್ಷಗಳಲ್ಲಿ ಮೀನಿಗೆ ಕಷ್ಟ, ಅದೇ ಹೊತ್ತಿನಲ್ಲಿ ಕಂಪನಿಗಳು ಮಿತಿಯಿಲ್ಲದೆ ಹಿಡಿದದ್ದು ಇನ್ನೂ ಕಷ್ಟ ಎಂದು ಊರಿನ ಪತ್ರಿಕೆಯಲ್ಲೇ ಬರೆದರು. ಪ್ರಕೃತಿ, ಉದ್ಯಮ ಎರಡನ್ನೂ ಒಂದೇ ಉಸಿರಿನಲ್ಲಿ ಹೆಸರಿಸಿದರು. 1948ರ ಮೇ ತಿಂಗಳಲ್ಲಿ ಇಲ್ಲೇ ಹತ್ತಿರ ರೈಲು ಬಡಿದು ತೀರಿಕೊಂಡರು. ಕ್ಯಾಲ್‌ಕೋಫಿ ಶುರುವಾಗುವುದನ್ನು ನೋಡಲು ಅವರು ಇರಲಿಲ್ಲ.

ಅಕ್ವೇರಿಯಂ ಒಳಗೆ ಪುಟ್ಟ ಮೀನುಗಳ ದೊಡ್ಡ ಹಿಂಡೊಂದಿದೆ. ಬೆಳ್ಳಿಯ ತಿರುಗಣಿ. ಮೇವು ಹಾಕಿದ ಕ್ಷಣ ಹಿಂಡು ಒಡೆಯಿತು. ಅಷ್ಟೂ ಬಾಯಿಗಳು ಅಗಲವಾಗಿ ತೆರೆದು, ಕಿವಿರು ಅರಳಿ, ಮೀನುಗಳು ನೀರನ್ನೇ ಕುಡಿಯುತ್ತಾ ಹೋದಂತೆ ಕಂಡಿತು. ಮಕ್ಕಳು ಗಾಜಿಗೆ ಮೂಗು ಒತ್ತಿ ನಿಂತಿದ್ದರು. ನಾನೂ ಅಲ್ಲೇ ನಿಂತೆ. ನಾಲ್ಕು ದಿನದಿಂದ ಕೇಳಿದ್ದನ್ನು ಇಲ್ಲಿ ಕಣ್ಣಿನಿಂದ ಕಂಡೆ.

ಭಾನುವಾರ, ಕೊಲ್ಲಿಯಲ್ಲಿ

ಬೆಳಿಗ್ಗೆ ತಿಮಿಂಗಿಲ ನೋಡುವ ದೋಣಿ ಹತ್ತಿದೆವು. ದಡದಿಂದ ಬಹಳ ದೂರ ಹೋಗಬೇಕಾಗಲಿಲ್ಲ. ಮೊದಲು ಹಕ್ಕಿಗಳು ಕಂಡವು. ಹೆಜ್ಜಾರ್ಲೆಗಳು ರೆಕ್ಕೆ ಮಡಚಿ ತಲೆಕೆಳಗಾಗಿ ನೀರಿಗೆ ಬೀಳುತ್ತಿದ್ದವು. ಆಮೇಲೆ ಕಡಲಸಿಂಹಗಳ ಗುಂಪು. ಅದರ ನಡುವೆ ಎರಡು ಹಂಪ್‌ಬ್ಯಾಕ್ ತಿಮಿಂಗಿಲಗಳು ಬಾಯಿ ತೆರೆದು ಮೇಲೆದ್ದವು. ಆಂಚೊವಿಗಳು ಅವುಗಳ ದವಡೆಯಿಂದ ಆಚೀಚೆ ಚಿಮ್ಮಿದವು. ಸುಹಾಸ ಕ್ಯಾಮೆರಾ ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟ.

ದೋಣಿಯ ಮಾರ್ಗದರ್ಶಕರು ಬಿಸಿಯಲೆಯ ವರ್ಷಗಳನ್ನು ನೆನಪಿಸಿಕೊಂಡರು. ಆಗ ತಣ್ಣೀರಿನ ಪಟ್ಟಿ ಕಿರಿದಾಗಿ ದಡಕ್ಕೆ ಒತ್ತಿಕೊಂಡಿತ್ತು. ಆಚೆ ಕ್ರಿಲ್ ಕಡಿಮೆ, ದಡದ ಬಳಿ ಆಂಚೊವಿ. ತಿಮಿಂಗಿಲಗಳು ಕ್ರಿಲ್ ಬಿಟ್ಟು ಆಂಚೊವಿಯ ಹಿಂದೆ ದಡಕ್ಕೆ ಬಂದವು. ಅದೇ ಹೊತ್ತಿನಲ್ಲಿ ವಿಷಕಾರಿ ಪಾಚಿಯಿಂದ ಏಡಿ ಹಂಗಾಮು ತಡವಾಗಿ, 2016ರ ವಸಂತದಲ್ಲಿ ಶುರುವಾಯಿತು. ತಿಮಿಂಗಿಲ ಬರುವ ಹೊತ್ತಿಗೇ ಏಡಿ ಬುಟ್ಟಿಗಳ ಹಗ್ಗಗಳೂ ನೀರಿಗೆ ಬಿದ್ದವು. ಆ ವರ್ಷ ಪಶ್ಚಿಮ ಕರಾವಳಿಯಲ್ಲಿ ಹಗ್ಗಕ್ಕೆ ಸಿಕ್ಕಿದ ತಿಮಿಂಗಿಲಗಳ ವರದಿಗಳು 70 ದಾಟಿದವು. ಪುಟ್ಟ ಮೀನಿನ ಮೇವು ಜಾಗ ಬದಲಿಸಿದರೆ ಅದರ ಬಿಸಿ ಎಲ್ಲಿಯವರೆಗೆ ಮುಟ್ಟುತ್ತದೆ ನೋಡಿ.

ದಡಕ್ಕೆ ಮರಳುವಾಗ ಸುಹಾಸ ಕೇಳಿದ, "ಆಂಚೊವಿ ಇಷ್ಟು ಹೆಚ್ಚಿದ್ದು ಒಳ್ಳೇದೇ ಅಲ್ವಾ ದೊಡ್ಡಮ್ಮ? ಎಲ್ಲರಿಗೂ ಊಟ."

ಹೆಜ್ಜಾರ್ಲೆಗೆ ಒಳ್ಳೆಯದು, ಕಡಲಸಿಂಹಕ್ಕೂ ಒಳ್ಳೆಯದಾಯಿತು. ಸಾಲ್ಮನ್‌ಗೆ ಬೇರೆಯೇ ಆಯಿತು. ಆಂಚೊವಿಯ ಮೈಯಲ್ಲಿ ಬಿ1 ಜೀವಸತ್ವವನ್ನು ಒಡೆಯುವ ಕಿಣ್ವವಿದೆ. ಬೇರೆ ಬೇರೆ ಮೇವು ತಿನ್ನುತ್ತಿದ್ದ ಚಿನೂಕ್ ಸಾಲ್ಮನ್‌ಗಳಿಗೆ ಆಂಚೊವಿಯೇ ಮುಖ್ಯ ಊಟವಾದಾಗ ಅವುಗಳಲ್ಲಿ ಬಿ1 ಕೊರತೆ ಬಂತು. ತಾಯಿಯಿಂದ ಮೊಟ್ಟೆಗೂ ದಾಟಿತು. 2020ರಲ್ಲಿ ಸ್ಯಾಕ್ರಮೆಂಟೊ ಕಣಿವೆಯ ಮೀನುಮರಿ ಮಾಡಿಸುವ ಕೇಂದ್ರಗಳಲ್ಲಿ ಮೊಟ್ಟೆಯೊಡೆದು ಬಂದ ಮರಿಗಳು ಸುರುಳಿ ಸುತ್ತುತ್ತಾ ಈಜಿ, ಪಕ್ಕಕ್ಕೆ ವಾಲಿ ಸಾಯತೊಡಗಿದವು. ಬಿ1 ಬೆರೆಸಿದ ನೀರಿನಲ್ಲಿ ಬಿಟ್ಟರೆ ಕೆಲವೇ ಗಂಟೆಯಲ್ಲಿ ಚೇತರಿಸಿಕೊಂಡವು. ಈಗ ಅಲ್ಲಿನ ಕೇಂದ್ರಗಳು ಮೊಟ್ಟೆಯಿಡಲು ನದಿಗೆ ಮರಳುವ ಹೆಣ್ಣು ಸಾಲ್ಮನ್‌ಗಳಿಗೆ ಬಿ1 ಚುಚ್ಚುಮದ್ದು ಕೊಡುತ್ತಿವೆ. ನದಿಯಲ್ಲೇ ಮೊಟ್ಟೆಯಿಡುವ ಕಾಡು ಸಾಲ್ಮನ್‌ಗಳಿಗೆ ಆ ಸೂಜಿ ತಲುಪುವುದಿಲ್ಲ.